ಕಸ್ತೂರಿ ಬಿಟ್ಟು ಬಂದ ಐದು ಡಾಲರು

ಹೊರದೇಶದ ಆಸ್ತಿಪಾಸ್ತಿ ವಿಚಾರಿಸುವ ತೆರಿಗೆ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೆಂಡತಿ ಕಸ್ತೂರಿ ಅಮೆರಿಕದ ತನ್ನ ನಿವೃತ್ತಿ ಖಾತೆಯಲ್ಲಿ ಐದು ಡಾಲರು ಬಿಟ್ಟು ಬಂದಿದ್ದಾಳೆ. ಈ ಘೋರ ಅಪರಾಧಕ್ಕೆ ಕಪ್ಪುಹಣದ ಕಾನೂನಿನಡಿ ಹತ್ತು ಲಕ್ಷ ರೂಪಾಯಿ ದಂಡ ಯಾಕೆ ಹಾಕಬಾರದು ಎಂದು ತಾವು ನೋಟಿಸು ಕಳಿಸಿದ್ದೀರಿ. ದಂಡ ಕಟ್ಟಲು ನಮ್ಮ ಬಳಿ ಇರುವುದು ನಾವು ವಾಸವಾಗಿರುವ ಮನೆಯೊಂದೇ. ಅದನ್ನು ಮಾರಲು ಮನಸ್ಸು ಬಾರದೆ ಆಕೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಮಸ್ಕತ್ತಿಗೆ ಹೋಗುತ್ತೇನೆ, ಅಲ್ಲಿ ಯಾರದೋ ಮನೆಯ ಮುದುಕಿಯನ್ನು ಎತ್ತಿ ಇಳಿಸಿ ದುಡಿದು ತೀರಿಸುತ್ತೇನೆ ಎನ್ನುತ್ತಿದ್ದಾಳೆ. ಆಕೆ ಹೋಗಬಾರದು. ಅದಕ್ಕೇ ಈ ಪತ್ರ. ಅಂಚೆಯಲ್ಲಿ ಕಳಿಸಿದ ಪತ್ರಗಳು ತಮಗೆ ಮುಟ್ಟಿವೆ ಎಂಬ ಪಾವತಿ ಬಂದಿದೆ, ಮನಸ್ಸಿಗೆ ಮುಟ್ಟಿವೆ ಎಂಬ ಪಾವತಿ ಬಂದಿಲ್ಲ. ಆದ್ದರಿಂದ ಊರಿಗೆಲ್ಲ ಕೇಳುವ ಹಾಗೆ ಪೇಪರಿನಲ್ಲಿ ಬರೆಯುತ್ತಿದ್ದೇನೆ. ಕಿವಿ ಮಂದವಾದವರ ಎದುರು ದನಿ ಏರಿಸುವುದು ಜಗಳವಲ್ಲ, ಉಪಚಾರ.

ತಮ್ಮ ಕಡತದಲ್ಲಿ ಕಸ್ತೂರಿ ಬರೀ ಒಂದು ನಂಬರು. ಆದ್ದರಿಂದ ಪರಿಚಯ ಮಾಡಿಕೊಡುತ್ತೇನೆ. ಆಕೆ ಶಹಾಪುರ ತಾಲೂಕಿನ ಸಗರದ ಮಗಳು. ಸುರಪುರದ ದವಾಖಾನೆಯಲ್ಲಿ ನರ್ಸಾಗಿದ್ದಳು. ಶಹಾಪುರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸಿನವನಾದ ನನ್ನನ್ನು ಮದುವೆಯಾದಳು. ಗಳಿಕೆಯಿಲ್ಲದ ಪ್ರೆಸ್ಸು, ಹಾಸಿಗೆ ಹಿಡಿದ ನನ್ನ ತಾಯಿ, ಸ್ಲೇಟು ಹಿಡಿದ ಮಗಳು. ಈ ಮೂರನ್ನೂ ನನ್ನ ಕೈಗೆ ಒಪ್ಪಿಸಿ, ಅಮೆರಿಕದ ಒಂದು ವೃದ್ಧಾಶ್ರಮಕ್ಕೆ ನರ್ಸಾಗಿ ವಿಮಾನ ಹತ್ತಿದಳು. ನಮ್ಮ ಓಣಿಯಲ್ಲಿ ಗಂಡಸರು ದುಡಿಯಲು ಹೋಗುತ್ತಿದ್ದರು, ಹೆಂಗಸರು ಮನೆ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ನಾನು ರೊಟ್ಟಿ ಬಡಿದೆ. ಮಗಳು ಅದನ್ನು ತಿನ್ನುವ ಮೊದಲು, ಇವತ್ತಿನದು ಯಾವ ತಾಲೂಕಿನ ನಕಾಶೆ ಎಂದು ಕೇಳುತ್ತಿದ್ದಳು. ಎರಡು ಮೂರು ವರ್ಷಕ್ಕೊಮ್ಮೆ ಕಸ್ತೂರಿ ರಜೆಗೆ ಬರುತ್ತಿದ್ದಳು, ನಾನು ಯಾದಗಿರಿ ಸ್ಟೇಷನ್ನಿಗೆ ಹೋಗಿ ಕರೆತರುತ್ತಿದ್ದೆ, ರಜೆ ಮುಗಿದರೆ ಅದೇ ಸ್ಟೇಷನ್ನಿಗೆ ಬಿಟ್ಟು ಬರುತ್ತಿದ್ದೆ. ಹದಿನೆಂಟು ವರ್ಷ ಹೀಗೇ ಕಳೆಯಿತು. ಗಂಡಹೆಂಡತಿ ಎನ್ನುವುದಕ್ಕಿಂತ ನಾವು ಪ್ಲಾಟ್‌ಫಾರ್ಮಿನ ಪರಿಚಯದವರು ಎನ್ನಬಹುದಿತ್ತು.

ಅಲ್ಲಿ ಆಕೆ ಮಾಡಿದ ಕೆಲಸವನ್ನು ತಮ್ಮ ಭಾಷೆಯಲ್ಲಿ 'ಸೇವೆ' ಎನ್ನುತ್ತಾರೆ. ಬಿಡಿಸಿ ಹೇಳುತ್ತೇನೆ. ಎದ್ದು ಕೂರಲಾಗದ ಮುದುಕ ಮುದುಕಿಯರನ್ನು ಗಳಿಗೆಗೊಮ್ಮೆ ಮಗ್ಗುಲು ಬದಲಿಸುವುದು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಅವರ ಹಲ್ಲಿನ ಸೆಟ್ಟು ತೊಳೆಯುವುದು. ಮಕ್ಕಳ ಹೆಸರು ಮರೆತವರಿಗೆ ದಿನಾ ಹೆಸರು ನೆನಪಿಸುವುದು. ಅವರ ಬೆನ್ನು ಕಾಯುತ್ತ ಕಾಯುತ್ತ ಈಕೆಯ ಬೆನ್ನು ಹೋಯಿತು. ಡಾಕ್ಟರು ಇನ್ನು ಭಾರ ಎತ್ತಬಾರದು ಎಂದಾಗ ಐವತ್ತನಾಲ್ಕನೆಯ ವಯಸ್ಸಿಗೆ ಊರಿಗೆ ಬಂದಳು. ಬರುವ ಮೊದಲು ಅಲ್ಲಿ ಕಾಯಂ ಇರಲು ಕೊಟ್ಟಿದ್ದ ಹಸಿರು ಕಾರ್ಡನ್ನು ಅವರ ಕಚೇರಿಗೇ ಒಪ್ಪಿಸಿದಳು. ಇಟ್ಟುಕೋ, ಮುಂದೆ ಬೇಕಾಗುತ್ತದೆ ಎಂದು ಎಲ್ಲರೂ ಹೇಳಿದರು. ನಾನು ಇರದ ಮನೆಯ ಕೀಲಿ ನನ್ನ ಹತ್ತಿರ ಯಾಕೆ ಎಂದು ಆಕೆ ಕೇಳಿದಳು. ತಾವು ಕಪ್ಪುಹಣದವಳು ಎಂದು ಕರೆದಿರುವುದು ಈ ಹೆಂಗಸನ್ನು.

ದುಡಿದಷ್ಟು ದಿನ ಆಕೆಯ ಸಂಬಳದಿಂದ ತಿಂಗಳು ತಿಂಗಳು ಒಂದಿಷ್ಟು ಮುರಿದು ಒಂದು ಖಾತೆಗೆ ಹಾಕುತ್ತಿದ್ದರು. ಕೆಲಸ ಕೊಟ್ಟವರೂ ಅದಕ್ಕೆ ಸ್ವಲ್ಪ ಸೇರಿಸುತ್ತಿದ್ದರು. ಮುಪ್ಪಿಗೆ ಎಂದು ಇಟ್ಟ ಗಂಟು ಅದು. ಆ ಗಂಟು ಬಿಚ್ಚುವುದಕ್ಕೆ ಎರಡು ದೇಶದ ಕಾನೂನುಗಳು ಸೇರಿ ಹಾಕಿರುವ ಗಂಟುಗಳನ್ನು ಈಗ ನೋಡೋಣ.

ಅಮೆರಿಕದ ಕಾನೂನಿನ ಪ್ರಕಾರ ಐವತ್ತೊಂಬತ್ತೂವರೆ ವರ್ಷ ತುಂಬುವ ಮೊದಲು ಆ ಹಣ ಮುಟ್ಟಿದರೆ ಸಾಮಾನ್ಯವಾಗಿ ದಂಡ ಬೀಳುತ್ತದೆ. ಆ ಅರ್ಧ ಎಲ್ಲಿಂದ ಬಂತು ಎಂದು ನಾನು ಕೇಳುವುದಿಲ್ಲ. ಅರ್ಧ ಟಿಕೆಟು ಮಕ್ಕಳಿಗಷ್ಟೇ ಎಂದು ತಿಳಿದಿದ್ದೆ. ಕಸ್ತೂರಿ ಹೇಳಿದ ಮಾತು ಕೇಳುವವಳು, ಆದ್ದರಿಂದ ಕಾದಳು. ಇತ್ತ ನಮ್ಮ ಕಾನೂನು ಏನು ಮಾಡುತ್ತಿತ್ತು? ಬಹಳ ವರ್ಷ ಹೊರಗಿದ್ದು ಮರಳಿದವರನ್ನು ಮೊದಲ ಎರಡು ಮೂರು ವರ್ಷ ತಾವು 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಎನ್ನುತ್ತೀರಂತೆ. ಆ ಕಾಲದಲ್ಲಿ ತೆಗೆದಿದ್ದರೆ ಹೊರದೇಶದ ಆ ಹಣಕ್ಕೆ ಇಲ್ಲಿ ತೆರಿಗೆ ಇರಲಿಲ್ಲವಂತೆ. ಅಲ್ಲಿ ಬೇಗ ತೆಗೆದರೆ ತಪ್ಪು, ಇಲ್ಲಿ ತಡವಾಗಿ ತೆಗೆದರೆ ತಪ್ಪು. ಅಲ್ಲಿಯ ವಯಸ್ಸು ತುಂಬುವ ಹೊತ್ತಿಗೆ ಇಲ್ಲಿ ಆಕೆ ಸಾಮಾನ್ಯಳಾಗಿಬಿಟ್ಟಿದ್ದಳು. ನಿವಾಸಿ, ಅನಿವಾಸಿ, ಸಾಮಾನ್ಯವಲ್ಲದ ನಿವಾಸಿ ಎಂದು ಇಷ್ಟು ಬಗೆ ಮಾಡಿದ ತಾವು ವನವಾಸಿ ಎಂಬುದೊಂದನ್ನು ಬಿಟ್ಟಿದ್ದೇಕೆ? ಆಕೆ ಮುಗಿಸಿ ಬಂದದ್ದು ಅದನ್ನೇ.

ಹಣ ತೆಗೆದಾಗ ಅಮೆರಿಕದವರು ನೂರಕ್ಕೆ ಮೂವತ್ತು ಅಲ್ಲೇ ಹಿಡಿದುಕೊಂಡರು. ಕಾರಣ, ಖಾತೆದಾರಳು ಪರದೇಶದಲ್ಲಿ ವಾಸವಾಗಿದ್ದಾಳೆ. ಯಾವ ಪರದೇಶ? ಶಹಾಪುರ. ತವರಿಗೆ ಟಂಟಂ ಆಟೊ ಹತ್ತಿ ಹೋಗಿ, ಊಟ ಮಾಡಿ, ಸಂಜೆಗೆ ಮರಳಬಹುದಾದ ಪರದೇಶ. ಹುಟ್ಟಿದ ನೆಲದಲ್ಲಿ ಬಂದು ಕೂತದ್ದಕ್ಕೆ ಹೊರಗಿನವಳಾದಳು, ಹೊರಗಿನ ನೆಲದಲ್ಲಿ ದುಡಿದದ್ದಕ್ಕೆ ಇಲ್ಲಿ ಅನುಮಾನಕ್ಕೆ ಒಳಗಾದಳು. ಆಮೇಲೆ ತಾವು ಬಂದಿರಿ. ಕೈಗೆ ಬಂದದ್ದರ ಮೇಲಷ್ಟೇ ಅಲ್ಲ, ಅಲ್ಲಿ ಹಿಡಿದುಕೊಂಡ ಆ ಮೂವತ್ತರ ಮೇಲೂ ಇಲ್ಲಿ ತೆರಿಗೆ ಲೆಕ್ಕ ಹಾಕಿದಿರಿ. ಕರ ಎಂದರೆ ಕೈ ಎಂದೂ ಅರ್ಥವಿದೆ. ಒಂದು ಕರ ಅಲ್ಲಿಂದ ಚಾಚಿತು, ಇನ್ನೊಂದು ಇಲ್ಲಿಂದ ಚಾಚಿತು, ನಡುವೆ ನಮಗೆ ಉಳಿದದ್ದು ಕರ ಮುಗಿಯುವುದಷ್ಟೇ. ಒಂದೇ ಹಣಕ್ಕೆ ಎರಡು ಸಲ ತೆರಿಗೆ ಬೀಳಬಾರದೆಂದು ಎರಡು ದೇಶಗಳ ನಡುವೆ ಒಪ್ಪಂದವಿದೆ, ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆಯಬೇಕು. ನಾವು ಅರ್ಜಿ ಹಾಕಿದೆವು. ಅವರ ವರ್ಷ ಜನವರಿಗೆ ಹುಟ್ಟುತ್ತದೆ, ನಮ್ಮದು ಏಪ್ರಿಲಿಗೆ. ಅವರ ಪ್ರಮಾಣಪತ್ರದ ವರ್ಷ ನಮ್ಮ ವರ್ಷಕ್ಕೆ ಹೊಂದುವುದಿಲ್ಲ ಎಂದು ತಮ್ಮ ಕಚೇರಿ ಹೇಳಿತು. ಪಂಚಾಂಗ ಹೊಂದಿಸುವುದು ನನ್ನ ಹೆಂಡತಿಯ ಕೆಲಸವೇ? ಆ ಅರ್ಜಿ ಇವತ್ತಿಗೂ 'ಪರಿಶೀಲನೆಯಲ್ಲಿದೆ'.

ಆದರೂ ಕಸ್ತೂರಿ ಕಟ್ಟಿದಳು. ನಮ್ಮ ತೆರಿಗೆ ಕಾಗದ ನೋಡುವ ಹುಡುಗ ಸಂಜೀವಕುಮಾರ, ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರಿಟ್ಟುಕೊಂಡು ಕೂತವನು, ಕಳೆಯಬೇಕಾದ್ದು ಕಳೆದ ಮೇಲೆ ಕಟ್ಟೋಣ, ತಡೆಯಿರಿ ಎಂದ. ಆಕೆ ತಡೆಯಲಿಲ್ಲ. ಕೊಡಬೇಕಾದ್ದು ಮನೆಯಲ್ಲಿದ್ದರೆ ನಿದ್ದೆ ಬರುವುದಿಲ್ಲ ಎಂದಳು. ಇದನ್ನು ನಿವೃತ್ತಿ ವೇತನ ಎನ್ನಬೇಡ, ನಿವೃತ್ತಿ ವೇದನೆ ಎನ್ನು ಎಂದು ನಾನು ನಗಿಸಲು ನೋಡಿದೆ. ನಗಲಿಲ್ಲ. ಎರಡೂ ಕಡೆ ಕಟ್ಟಿ ಉಳಿದದ್ದು ಒಂದು ಅಡುಗೆಮನೆ, ಎರಡು ಕೋಣೆ, ಗೋಗಿಯಂಥ ಹಳ್ಳಿಗಳಿಂದ ಬರುವ ಕಾಯಿಲೆಯವರು ಕೂರಲೆಂದು ಹೊರಗೊಂದು ಕಟ್ಟೆಯಾಗಿ ನಿಂತಿದೆ. ಹಾಸಿಗೆ ಹಿಡಿದವರನ್ನು ಹೇಗೆ ಮಗ್ಗುಲು ಹೊರಳಿಸಬೇಕೆಂದು ಅವರ ಮನೆಯವರಿಗೆ ಆಕೆ ಆ ಕಟ್ಟೆಯ ಮೇಲೆ ತೋರಿಸಿಕೊಡುತ್ತಾಳೆ. ಎತ್ತುವುದು ಮಾತ್ರ ಅವರೇ, ಆಕೆಯ ಬೆನ್ನು ಈಗ ಬಾಯಿಯಿಂದಷ್ಟೇ ಕೆಲಸ ಮಾಡುತ್ತದೆ.

ಈಗ ಆ ಐದು ಡಾಲರಿನ ಮಾತು.

ತಮಗೆ ಈ ಸೀಮೆಯ ನೆಂಟರು ಯಾರಾದರೂ ಇದ್ದರೆ ಕೇಳಿ ನೋಡಿ. ನಮ್ಮ ಕಡೆ ಹೆಣ್ಣುಮಗಳು ಒಂದು ಮನೆಯಿಂದ ಹೊರಡುವಾಗ ಆಕೆಗೆ ಉಡಿ ತುಂಬುತ್ತಾರೆ. ಸೆರಗೊಡ್ಡಿದರೆ ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಎಲೆ, ಅಡಿಕೆ ಹಾಕುತ್ತಾರೆ. ತುಂಬಿಸಿಕೊಂಡವಳು ಹಾಗೇ ಎದ್ದು ಹೋಗುವಂತಿಲ್ಲ. ತನ್ನ ಉಡಿಯಿಂದ ಐದು ಕಾಳು ತೆಗೆದು ಆ ಮನೆಯ ಮೊರಕ್ಕೆ ಹಾಕಿ ಹೋಗಬೇಕು. ಕೊಟ್ಟ ಮನೆ ಬರಿದಾಗಬಾರದು, ಅದಕ್ಕೆ. ಆ ಐದು ಕಾಳು ಆಮೇಲೆ ಅವಳವಲ್ಲ. ಅವಳು ಅದನ್ನು ಮರೆತದ್ದೂ ಅಲ್ಲ, ಬಚ್ಚಿಟ್ಟದ್ದೂ ಅಲ್ಲ, ಮುಂದೊಂದು ದಿನ ಬಂದು ಕೇಳುವುದೂ ಇಲ್ಲ. ಅದು ಆ ಮನೆಯದು.

ಖಾತೆಯಿಂದ ಹಣ ತೆಗೆಯುವ ದಿನ ಕಸ್ತೂರಿ ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಗದ್ದುಗೆಗೆ ಕೈಮುಗಿದು ಬಂದಳು. ಕಂಪ್ಯೂಟರಿನ ಮುಂದೆ ಊದಿನಕಡ್ಡಿ ಹಚ್ಚಿದಳು. ಪೂರ್ತಿ ತೆಗೆಯುವಿರಾ, ಭಾಗಶಃ ತೆಗೆಯುವಿರಾ ಎಂದು ಅದು ಕೇಳಿತು. ಭಾಗಶಃ ಎಂದು ಒತ್ತಿ, ಐದು ಡಾಲರು ಬಿಟ್ಟು ಉಳಿದದ್ದನ್ನು ತೆಗೆದಳು. ನಾನು ಪಕ್ಕದಲ್ಲೇ ಇದ್ದೆ. ಐದು ಯಾಕೆ ಎಂದು ಕೇಳಿದೆ.

"ಆ ಮನಿ ನನ್ನ ಉಡಿ ತುಂಬೇದ ಅಲ್ರಿ," ಎಂದಳು. "ಬರಿದು ಮಾಡಿ ಬರಬಾರ್ದು."

ಅಮೆರಿಕಕ್ಕೆ ಕಾಳು ಹಾಕುವವಳು ನೀನೊಬ್ಬಳೇ ಎಂದು ನಾನು ಛೇಡಿಸಿದೆ. ಆದರೆ ಒಳಗೆ ಹಿತವಾಯಿತು.

ಮರುವರ್ಷ ಲೆಕ್ಕ ಸಲ್ಲಿಸುವಾಗ ಸಂಜೀವಕುಮಾರ ಅಲ್ಲಿ ಇನ್ನೇನಾದರೂ ನಿಮ್ಮದು ಉಳಿದಿದೆಯೇ ಎಂದು ಕೇಳಿದ. ಕಸ್ತೂರಿ ನನ್ನದೇನೂ ಇಲ್ಲಪ್ಪ ಎಂದಳು. ಸತ್ಯವನ್ನೇ ಹೇಳಿದಳು. ಆತ 'ಇಲ್ಲ' ಎಂದು ಬರೆದ. ಅದೇ ಕಾಗದದಲ್ಲಿ, ಅದೇ ಖಾತೆಯಿಂದ ಬಂದ ಇಡೀ ಹಣವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟಲಾಗಿತ್ತು. ಖಾತೆ ಎಲ್ಲಿದೆ, ಯಾರದು, ಎಷ್ಟಿತ್ತು ಎಂಬುದೆಲ್ಲ ನಾವೇ ಕೊಟ್ಟ ಕಾಗದದಿಂದ ತಮಗೆ ಗೊತ್ತಿತ್ತು. ಬಚ್ಚಿಡುವವರು ದಾರಿ ತೋರಿಸಿ, ದೀಪ ಹಿಡಿದು, ಕರೆದುಕೊಂಡು ಹೋಗಿ ಬಚ್ಚಿಡುತ್ತಾರೆಯೇ?

ಬಂದ ನೋಟಿಸು ಕಾನೂನಿನ ಇಂಗ್ಲಿಷಿನಲ್ಲಿತ್ತು, ದವಾಖಾನೆಯ ಇಂಗ್ಲಿಷು ಬಲ್ಲ ಕಸ್ತೂರಿಗೂ ಅದು ಬಿಡಿಸಲಾಗಲಿಲ್ಲ. ಸಂಜೀವಕುಮಾರ ಓದುತ್ತ ಒಂದು ಸಾಲಿನ ಹತ್ತಿರ ನಿಂತ. ಏನು ಬರೆದಾರ ಹೇಳು ಎಂದು ಕಸ್ತೂರಿ ಕೇಳಿದಳು. ಆತ ನನ್ನ ಮುಖ ನೋಡಿ, "ಗೊತ್ತಿದ್ದೂ ಮುಚ್ಚಿಟ್ಟಾರ ಅಂತ ಬರದಾರ್ರಿ ಅಕ್ಕೋರ," ಎಂದ. ಆಕೆ ಆ ಮಾತನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡಳು. ಹದಿನೆಂಟು ವರ್ಷ ಬೇರೆಯವರ ಉಂಗುರ, ಗಡಿಯಾರ, ಹಲ್ಲಿನ ಸೆಟ್ಟು ಕಾಯ್ದವಳು. ಒಂದು ಗುಂಡುಸೂಜಿಯೂ ಕಳೆದಿಲ್ಲ ಎಂದು ಆ ಆಶ್ರಮದವರು ಬರೆದುಕೊಟ್ಟಿದ್ದರು. ನೋಟಿಸನ್ನು ಕೈಗೆ ತೆಗೆದುಕೊಳ್ಳದೆ ಒಳಗೆ ಹೋದಳು. ಮರುದಿನ ಕಟ್ಟೆಗೆ ಬಂದವರಿಗೆ, ಇವತ್ತು ಮೈಯಲ್ಲಿ ಆರಾಮಿಲ್ಲ ಎಂದು ಹೇಳಿಸಿದಳು. ಅದಾದ ಮೇಲೆ ಕಟ್ಟೆಗೆ ಬಂದಿಲ್ಲ. ಎದುರುಮನೆಯ ಚಹಾದಂಗಡಿಯ ದಸ್ತಗೀರಸಾಬ ವಿಷಯ ಕೇಳಿ, ಕುದಿಯುವ ಚಹಾ ಕೆಳಗಿಳಿಸಿ ನನ್ನ ಕಡೆ ತಿರುಗಿದ. "ಇಶ್ವಣ್ಣಾ, ನಮ್ಮೂರಾಗ ಹೋಗಾಕಿಗಿ ಉಡಿ ತುಂಬ್ತಾರ. ಬಂದಾಕಿಗಿ ನೋಟಿಸು ತುಂಬೂದು ಇದ ಮೊದಲ ಸಲ ನೋಡಾಕತ್ತೀನಿ," ಎಂದ.

ವಿಚಾರಣೆಗೆ ಕರೆದಿರಿ, ಬಂದೆವು. ಯಾದಗಿರಿಯಿಂದ ರೈಲು ಹತ್ತಿ, ಬೆನ್ನಿನ ಪಟ್ಟಿ ಬಿಗಿದುಕೊಂಡು ಆಕೆ ಬಂದಳು. ತಮ್ಮ ದರ್ಶನವಾಗಲಿಲ್ಲ, ತಮ್ಮ ಕೈಕೆಳಗಿನವರೊಬ್ಬರು ಕೂತಿದ್ದರು. ಕೆಟ್ಟವರಲ್ಲ. ಆಕೆಗೆ ಕುರ್ಚಿ ಕೊಟ್ಟರು, ನೀರು ತರಿಸಿದರು. ಕಡತ ತಿರುವಿ, ಐದು ಡಾಲರು ನೋಡಿ, ಅವರಿಗೇ ನಗು ಬಂದಿರಬೇಕು.

"ಮರೆತುಹೋಯ್ತು ಅಂತ ಒಂದು ಲೈನ್ ಬರೆದುಕೊಡಿ ಅಮ್ಮ," ಎಂದರು. "ವಯಸ್ಸಾಗಿದೆ, ಯಾರೂ ಇಲ್ಲ ಅನ್ನಲ್ಲ. ನಾನು ಸಾಹೇಬ್ರಿಗೆ ಹೇಳಿ ಮುಗಿಸ್ತೀನಿ."

"ಮರ್ತಿಲ್ರಿ ಸಾಹೇಬ್ರ," ಎಂದಳು ಕಸ್ತೂರಿ. "ಬೇಕಂತನ ಬಿಟ್ಟೀನಿ."

"ಹಾಗಂದ್ರೆ ಕೇಸು ಗಟ್ಟಿಯಾಗುತ್ತಮ್ಮ."

"ಆಗ್ಲಿ ಬಿಡ್ರಿ. ಇಷ್ಟ್ ವರ್ಷ ಉಣ್ಣಾಕ ಕೊಟ್ಟ ಮನಿರಿ ಅದು. ಐದು ಕಾಳು ಬಿಟ್ಟು ಬಂದೀನಿ. ಅದು ನಂದಲ್ಲ, ಆ ಮನಿದು. ನಂದಲ್ಲದ್ದು ಮರ್ತೀನಿ ಅಂತ ಹೆಂಗ ಬರೀಲಿ?"

ಅವರು ಟೈಪು ಮಾಡುವುದನ್ನು ನಿಲ್ಲಿಸಿ, ಕಾಳು ಎಂದರೆ ಅಲ್ಲಿ ಜಮೀನು ಏನಾದರೂ ಇದೆಯೇ ಎಂದು ಕೇಳಿದರು. ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಜಮೀನು ಇಲ್ಲ, ಆದರೆ ನಮ್ಮ ಬೇಳೆ ಇಲ್ಲಿ ಬೇಯುವ ಹಾಗೆ ಕಾಣುವುದಿಲ್ಲ ಎಂದೆ. ಅವರು ಗಂಭೀರವಾಗಿ ಏನೋ ಬರೆದುಕೊಂಡರು. ಏನೆಂದು ಆಮೇಲೆ ತಿಳಿಯಿತು. ಬಂದ ಎರಡನೆಯ ನೋಟಿಸಿನಲ್ಲಿ, ಹೊರದೇಶದಲ್ಲಿರುವ ತಮ್ಮ ಕೃಷಿ ಭೂಮಿಯ ವಿಸ್ತೀರ್ಣ, ಬೆಳೆ ಮತ್ತು ಇಳುವರಿಯ ವಿವರ ಸಲ್ಲಿಸಿ ಎಂದಿತ್ತು. ನಾನು ಸಲ್ಲಿಸಿದೆ. ವಿಸ್ತೀರ್ಣ: ಒಂದು ಸೆರಗು. ಬೆಳೆ: ಉಂಡ ಮನೆಯ ನೆನಪು. ಇಳುವರಿ: ತಮ್ಮ ನೋಟಿಸು. ಮಾದರಿಗೆಂದು ಲಕೋಟೆಯಲ್ಲಿ ಐದು ಜೋಳದ ಕಾಳನ್ನೂ ಇಟ್ಟೆ. ತಮ್ಮ ಕಚೇರಿ ಅದಕ್ಕೆ 'ಅಡಕಗಳು: ಐದು' ಎಂದು ಪಾವತಿ ಕೊಟ್ಟಿತು. ನನ್ನ ಚ್ಯಾಷ್ಟಿ ತನ್ನ ಕೊರಳಿಗೆ ಬರುತ್ತದೆ ಎಂದು ಕಸ್ತೂರಿ ಎರಡು ದಿನ ಮಾತು ಬಿಟ್ಟಳು. ಬಿಡಲಿ, ಆದರೆ ತಾವಾದರೂ ಒಂದು ಮಾತಾಡಬಾರದೇ?

ಮಾನ್ಯರೇ, ಇಲ್ಲಿಗೆ ನನ್ನ ಚೇಷ್ಟೆ ಮುಗಿಯಿತು. ಈಗ ಸಿಟ್ಟಿನ ಮಾತು.

ತಮ್ಮ ಕಾನೂನಿಗೆ ಎರಡೇ ಜಾತಿಯ ಮನುಷ್ಯರು ಗೊತ್ತು: ಮರೆಯುವವರು, ಕದಿಯುವವರು. ಮರೆತೆ ಎಂದರೆ ಕ್ಷಮೆ, ಗೊತ್ತಿತ್ತು ಎಂದರೆ ಕಳ್ಳತನ. ಗೊತ್ತಿದ್ದೂ ಬಿಡುವವರು ಇರುತ್ತಾರೆ ಎಂಬುದು ಆ ಕಾನೂನು ಬರೆದವರಿಗೆ ಹೊಳೆಯಲೇ ಇಲ್ಲ. ತನಗೆ ಬಂದದ್ದರಲ್ಲಿ ಒಂದು ಚಿಟಿಕೆ ಕೊಟ್ಟವರಿಗೇ ಇರಲಿ ಎನ್ನುವ ಮನುಷ್ಯ ತಮ್ಮ ಯಾವ ಕಾಲಮ್ಮಿನಲ್ಲೂ ಕೂರುವುದಿಲ್ಲ. ಕಾಲಮ್ಮು ಚಿಕ್ಕದಾದರೆ ಮನುಷ್ಯನ ಕಾಲು ಕತ್ತರಿಸುತ್ತೀರಾ? ಒಂದು ಸುಳ್ಳು ಬರೆದುಕೊಟ್ಟಿದ್ದರೆ ಹತ್ತು ಲಕ್ಷ ಉಳಿಯುತ್ತಿತ್ತು. ಸುಳ್ಳಿಗೆ ತಮ್ಮ ಕಚೇರಿಯಲ್ಲಿ ಇಷ್ಟು ಒಳ್ಳೆಯ ದರವಿದೆ ಎಂದು ಮೊದಲೇ ಗೊತ್ತಿದ್ದರೆ, ನಾನು ಹುಟ್ಟಿದಾಗಿನಿಂದ ಹೇಳಿದ್ದನ್ನೆಲ್ಲ ಕೂಡಿಟ್ಟು ತರುತ್ತಿದ್ದೆ. ಸತ್ಯ ಹೇಳಿದವಳಿಗೆ ದಂಡ. ಇಂಥ ದಂಡ ಕಟ್ಟುವುದೇ ದೊಡ್ಡ ದಂಡ.

ಇನ್ನೊಂದು ಪ್ರಶ್ನೆ. ಅಲ್ಲಿ ಐದು ಡಾಲರು ಉಳಿದಿದೆ ಎಂದು ತಮಗೆ ಹೇಳಿದವರು ಯಾರು? ನಾವಲ್ಲ, ಎರಡು ಸರಕಾರಗಳು ಖಾತೆಗಳ ಸುದ್ದಿಯನ್ನು ಒಂದಕ್ಕೊಂದು ತಾವಾಗಿಯೇ ಕಳಿಸಿಕೊಳ್ಳುತ್ತವಂತೆ. ಬಹಳ ಸಂತೋಷ. ಐದು ಡಾಲರಿನ ಸುದ್ದಿ ಸಮುದ್ರ ದಾಟಿ, ಗುಡ್ಡ ದಾಟಿ, ಶಹಾಪುರದ ನಮ್ಮ ಓಣಿಯ ಬಾಗಿಲಿಗೆ ತಪ್ಪದೆ ಬಂತು. ಅದೇ ಖಾತೆಯಲ್ಲಿ, ಅದೇ ದಿನ, ಅವರು ಹಿಡಿದುಕೊಂಡ ಮೂವತ್ತರ ಸುದ್ದಿ ಮಾತ್ರ ಯಾಕೆ ಬರಲಿಲ್ಲ? ಅದಕ್ಕೆ ಮೂಲ ಪ್ರಮಾಣಪತ್ರ ಬೇಕು, ಸಹಿ ಬೇಕು, ವರ್ಷ ಹೊಂದಬೇಕು. ನಮ್ಮಿಂದ ಬರಬೇಕಾದ್ದಕ್ಕೆ ತಮಗೆ ಹದ್ದಿನ ಕಣ್ಣು, ನಮಗೆ ಬರಬೇಕಾದ್ದಕ್ಕೆ ಪೊರೆ ಬಂದ ಕಣ್ಣು. ತೆರಿಗೆ ತೆರು ಎನ್ನುವ ಬಾಯಿ, ನಮ್ಮ ಅರ್ಜಿಯ ಲಕೋಟೆ ತೆರೆ ಎಂದು ಒಮ್ಮೆಯಾದರೂ ಹೇಳಬಾರದೇ?

ಈಚೆಗೆ ಕಾನೂನು ತಿದ್ದಿ, ಹೊರದೇಶದ ಸಣ್ಣಪುಟ್ಟ ಖಾತೆಗಳಿಗೆ ಈ ಹತ್ತು ಲಕ್ಷದ ದಂಡ ಬೇಡ ಎಂದು ಮಾಡಿದ್ದಾರೆಂದು ಸಂಜೀವಕುಮಾರ ಹೇಳಿದ. ಅಂದರೆ ಇದು ಅನ್ಯಾಯ ಎಂಬುದು ಮೇಲಿನವರಿಗೂ ತಿಳಿದಿದೆ. ಆದರೆ ಕಸ್ತೂರಿಯ ವಿಷಯ ತಿದ್ದುಪಡಿಗೆ ಹಿಂದಿನದು, ಆಕೆಗೆ ಅನ್ವಯಿಸುವುದಿಲ್ಲ ಎಂದು ತಮ್ಮ ಕಚೇರಿಯವರು ಹೇಳಿದರಂತೆ. ತಪ್ಪು ತಪ್ಪೆಂದು ಗೊತ್ತಾದ ಮೇಲೂ, ಹಿಂದಿನ ತಪ್ಪನ್ನು ಹಿಂದಿನ ದರದಲ್ಲೇ ಮಾರುತ್ತೀರಾ? ಈ ದಂಡವನ್ನು ಬಿಡುವ ಅಧಿಕಾರ ತಮ್ಮ ಕೈಯಲ್ಲಿಲ್ಲ ಎನ್ನಬೇಡಿ. ನೋಟಿಸಿನಲ್ಲಿ ತಾವೇ ಕೇಳಿದ್ದೀರಿ: 'ದಂಡ ಯಾಕೆ ಹಾಕಬಾರದು?' ಯಾಕೆ ಎಂದು ಕೇಳಿದವರು ಉತ್ತರ ಕೇಳಿಸಿಕೊಳ್ಳಬೇಕು. ಕೇಳುವ ಮನಸ್ಸಿಲ್ಲದಿದ್ದರೆ ಅದು ಪ್ರಶ್ನೆಯಲ್ಲ, ಬೈಗುಳ.

ನೋಟಿಸು ಬಂದ ಮೇಲೆ ಕಸ್ತೂರಿ ನನಗೆ ಹೇಳದೆ ಒಬ್ಬ ಏಜೆಂಟನಿಗೆ ಫೋನು ಮಾಡಿದ್ದಾಳೆ. ಮಸ್ಕತ್ತಿನಲ್ಲಿ ಅನುಭವವಿರುವ ನರ್ಸು ಬೇಕಾಗಿದೆಯಂತೆ, ವಯಸ್ಸಾದರೂ ನಡೆಯುತ್ತದಂತೆ, ಎರಡು ವರ್ಷದ ಕರಾರಂತೆ. ಈ ಸೋಮವಾರ ಪಾಸ್‌ಪೋರ್ಟು ಕೊಡಬೇಕಂತೆ. ಅಟ್ಟದ ಮೇಲಿದ್ದ ಸೂಟ್‌ಕೇಸು ಕೆಳಗೆ ಬಂದಾಗ ನನಗೆ ವಿಷಯ ತಿಳಿಯಿತು. ಕಳೆದ ಸಲ ಅದನ್ನು ಅಟ್ಟಕ್ಕೆ ಏರಿಸಿದವನು ನಾನು. ಇನ್ನು ಇದನ್ನು ಇಳಿಸುವವನು ನನ್ನ ಹೆಣ ದಾಟಿ ಇಳಿಸಲಿ ಎಂದು ಅವತ್ತು ಏಣಿಯ ಮೇಲೆ ನಿಂತು ಹೇಳಿದ್ದೆ. ಆಕೆ ಹೆಣ ದಾಟಲಿಲ್ಲ, ನಾನು ತರಕಾರಿ ತರಲು ಹೋದಾಗ ಇಳಿಸಿದ್ದಾಳೆ.

ನಾನು ಕೂಗಾಡಿದೆ. ಮನೆ ಮಾರೋಣ, ಬಾಡಿಗೆ ಮನೆಯಲ್ಲಿ ಇರೋಣ, ಪ್ರೆಸ್ಸಿನ ಹಳೇ ಯಂತ್ರ ಗುಜರಿಗೆ ಹಾಕೋಣ ಎಂದೆ. ಬೇಕಿದ್ದರೆ ಮರೆತೆ ಎಂದು ಬರೆದುಕೊಡು, ಒಂದು ಸಾಲಿನಿಂದ ಯಾರೂ ಸಾಯುವುದಿಲ್ಲ ಎಂದೂ ಹೇಳಿದೆ. ಆಕೆ ಮಡಚುತ್ತಿದ್ದ ಬಿಳಿ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿದಳು.

"ದುಡೀತೀನಿ, ದಂಡ ಕಟ್ತೀನ್ರಿ," ಎಂದಳು. "ಅದಕ್ಕ ಅಂಜಾಕಿ ಅಲ್ಲ ನಾ. ಆದ್ರ ಮುಚ್ಚಿಟ್ಟಾಕಿ ಅಂತ ಬರದಾರಲ್ಲ, ಅದೊಂದು ಅಳಿಸ್ರಿ ಅಂತ ಹೇಳ್ರಿ ಅವರಿಗಿ. ರೊಕ್ಕ ಬೇಕಾದ್ರ ಇನ್ನಷ್ಟು ತಗೊಳ್ಳಲಿ."

ಮಾನ್ಯರೇ, ಇದನ್ನು ಎರಡು ಸಲ ಓದಿ. ದಂಡ ಕಟ್ಟುತ್ತೇನೆ, ಪದ ಅಳಿಸಿ ಎನ್ನುತ್ತಾಳೆ. ಇಂಥವರಿಂದ ದಂಡ ತೆಗೆದುಕೊಂಡು ತಾವು ಯಾವ ಬೊಕ್ಕಸಕ್ಕೆ ತುಂಬುತ್ತೀರಿ? ಆ ಬೊಕ್ಕಸದ ಅನ್ನ ಯಾರಿಗೆ ಅರಗುತ್ತದೆ? ಮೂವತ್ತೈದರ ಸುಮಾರಿಗೆ ಹೋದವಳು ಐವತ್ತನಾಲ್ಕಕ್ಕೆ ಬಂದಳು. ನಡುವಿನದನ್ನು ನಾವು ಯಾರಿಗೂ ಬಿಲ್ಲು ಮಾಡಿ ಕೇಳಿಲ್ಲ. ಈಗ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹೊತ್ತಿಗೆ, ಬಿಸಿ ರೊಟ್ಟಿ ಉಣ್ಣುವುದನ್ನು ಕಲಿಯುತ್ತಿದ್ದೇವೆ. ಆಕೆ ಬಡಿದ ರೊಟ್ಟಿ ದುಂಡಗಿರುತ್ತದೆ. ಇಷ್ಟರಲ್ಲಿ ಅದನ್ನು ತಮ್ಮ ಒಂದು ಕಾಗದ ಕಸಿದುಕೊಳ್ಳಬಾರದು.

ಆದ್ದರಿಂದ ನನ್ನ ಬೇಡಿಕೆ. ಬಿನ್ನಹ ಎನ್ನುವುದಿಲ್ಲ, ಬಿನ್ನಹದ ಸ್ಟಾಕು ಮುಗಿದಿದೆ. ನೋಟಿಸನ್ನು ಹಿಂತೆಗೆದುಕೊಳ್ಳಿ, ದಂಡವನ್ನು ಕೈಬಿಡಿ. ಅಲ್ಲಿ ಹಿಡಿದುಕೊಂಡ ತೆರಿಗೆಯನ್ನು ಇಲ್ಲಿ ಕಳೆಯುವ ಅರ್ಜಿಯನ್ನು ತೆರೆದು ಓದಿ, ತೀರ್ಮಾನ ಹೇಳಿ. ಇವೆರಡಕ್ಕೂ ಮೊದಲು, 'ಗೊತ್ತಿದ್ದೂ ಮುಚ್ಚಿಟ್ಟಿದ್ದಾರೆ' ಎಂಬ ಮಾತನ್ನು ಆ ಕಡತದಿಂದ ತೆಗೆದು, ತೆಗೆದದ್ದನ್ನು ಕಸ್ತೂರಿಯ ಹೆಸರಿಗೆ ಕನ್ನಡದಲ್ಲಿ ಬರೆದು ಕಳಿಸಿ. ಇಂಗ್ಲಿಷಿನಲ್ಲಿ ಅವಮಾನ ಮಾಡಿದಿರಿ, ಮಾನವನ್ನಾದರೂ ಆಕೆಯ ತಾಯಿಮಾತಿನಲ್ಲಿ ಕೊಡಿ. ಸೋಮವಾರದೊಳಗೆ ಆಗಬೇಕು. ಸರಕಾರದ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ ಎಂಬುದು ಗೊತ್ತು. ನೋಟಿಸಿಗೆ ಹಿಡಿಯಲಿಲ್ಲ.

ಸೋಮವಾರ ದಾಟಿದರೂ ಆಕೆ ಹೋಗುವುದಿಲ್ಲ. ಯಾಕೆಂದು ತಮಗೊಬ್ಬರಿಗೇ ಹೇಳುತ್ತೇನೆ. ನಿನ್ನೆ ಬೆಳಿಗ್ಗೆಯಿಂದ ಕಸ್ತೂರಿ ಮನೆಯೆಲ್ಲ ತಡಕಾಡುತ್ತಿದ್ದಾಳೆ. ಪೆಟ್ಟಿಗೆ ಬೋರಲು ಹಾಕಿದಳು, ಹಾಸಿಗೆ ಕೊಡವಿದಳು, ದಸ್ತಗೀರಸಾಬನ ಅಂಗಡಿಯಲ್ಲೂ ಕೇಳಿ ಬಂದಳು. ಪಾಸ್‌ಪೋರ್ಟು ಸಿಗುತ್ತಿಲ್ಲ. ನಾನೂ ಆಕೆಯ ಜೊತೆ ಬಹಳ ಕಾಳಜಿಯಿಂದ ಹುಡುಕುತ್ತಿದ್ದೇನೆ. ಈ ಮನೆಯಲ್ಲಿ ಗೊತ್ತಿದ್ದೂ ಮುಚ್ಚಿಟ್ಟ ವಸ್ತು ಅದೊಂದೇ, ಮುಚ್ಚಿಟ್ಟವನು ನಾನು. ಮರೆತೆ ಎಂದು ನಾನೂ ಬರೆದುಕೊಡುವುದಿಲ್ಲ. ಎಲ್ಲಿದೆ ಎಂದು ಇಲ್ಲಿ ಬರೆಯುವಂತಿಲ್ಲ, ಪೇಪರು ಆಕೆಯೂ ಓದುತ್ತಾಳೆ. ದಂಡ ಹಾಕುವುದಿದ್ದರೆ ಇದಕ್ಕೆ ಹಾಕಿ, ನಗುತ್ತ ಕಟ್ಟುತ್ತೇನೆ.

ಇಂತಿ,
ಹೆಂಡತಿಯ ಪಾಸ್‌ಪೋರ್ಟನ್ನು ಬೇಕಂತಲೇ ಬಚ್ಚಿಟ್ಟಿರುವ,
ಸ್ಟೇಷನ್ನಿಗೆ ಬಿಡಲು ಇನ್ನೊಮ್ಮೆ ಹೋಗಲಾರದ,
ವಿಶ್ವಾರಾಧ್ಯ
ಶಹಾಪುರ, ಯಾದಗಿರಿ ಜಿಲ್ಲೆ